ಹೊಸ ಟೈರ್ ಹಾಕಿಸಿದ ಮೇಲೆ ಶುರುವಾದ ತೊಂದರೆ: ಸೈಜಿನದ್ದೋ, ಬೇರೆಯದ್ದೋ?

ಟೈರ್ ಬದಲಿಸಿದ ಮೇಲೆ ಕಾರು ಬೇರೆ ಥರ ಆಡುತ್ತಿದ್ದರೆ, ಅಲೈನ್‌ಮೆಂಟಿಗೆ ದುಡ್ಡು ಕೊಡುವ ಮೊದಲು ಟೈರಿನ ಮೇಲೆ ಬರೆದದ್ದನ್ನು ಓದಿ. ಶಿರಸಿ ಕುಮಟಾ ನಡುವಿನ ದೇವಿಮನೆ ಘಟ್ಟದ ತಿರುವಿನಲ್ಲಿ ಮುಂದಿನ ಚಕ್ರದಿಂದ ಸರ್ರೆಂಬ ಸದ್ದು, ಅಂಕೋಲಾ ದಾಟಿದ ಮೇಲೆ ಹೆದ್ದಾರಿಯಲ್ಲಿ ಸ್ಟೇರಿಂಗ್ ನಡುಕ, ಮೈಲೇಜ್ ಇಳಿದದ್ದು, ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿ ನಿಲ್ಲದಂತೆ ನೋಡುವ ವ್ಯವಸ್ಥೆ) ದೀಪ ಹತ್ತಿದ್ದು. ಗ್ಯಾರೇಜಿನಲ್ಲಿ ಇದಕ್ಕೆಲ್ಲ ಒಂದೇ ಉತ್ತರ ಸಿಗುತ್ತದೆ: "ಒಂದು ಅಲೈನ್‌ಮೆಂಟ್ ಮಾಡ್ಸಿ, ಸರಿಯಾಗ್ತದೆ." ಮಾಡಿಸಿದರೂ ಸರಿಯಾಗುವುದಿಲ್ಲ. ಆಮೇಲೆ ಶಾಕ್ ಅಬ್ಸಾರ್ಬರ್ ಮೇಲೆ ಅನುಮಾನ, ಅದಾದ ಮೇಲೆ ಬೇರಿಂಗ್ ಮೇಲೆ.

ಟೈರ್ ಬದಲಿಸಿದ ಕೂಡಲೇ ಬಂದ ತೊಂದರೆಯಲ್ಲಿ ಮೊದಲ ಅನುಮಾನ ಟೈರಿನ ಮೇಲೇ ಇರಲಿ. ಅದರಲ್ಲೂ ಸೈಜಿನ ಮೇಲೆ. ಐ20 ಎನ್ ಲೈನ್, ಪೋಲೊ ಜಿಟಿ, ವರ್ಟಸ್ ಜಿಟಿಯಂಥ ಸ್ವಲ್ಪ ಚುರುಕಿನ ಕಾರುಗಳಲ್ಲಿ ಇದು ಇನ್ನೂ ಜಾಸ್ತಿ. ಇವುಗಳ ಟೈರು ಸಾಮಾನ್ಯ ಕಾರಿನಷ್ಟು ಸುಲಭವಾಗಿ ನಮ್ಮ ಊರಿನ ಅಂಗಡಿಯಲ್ಲಿ ಸಿಗುವುದಿಲ್ಲ. ಸಿಗದಿದ್ದಾಗ "ಅದರ ಹತ್ತಿರದ್ದು" ಒಂದು ಬಂದು ಕೂರುತ್ತದೆ.

ಮೊದಲು ಐದೂ ಟೈರು ಓದಿ

ನಾಲ್ಕಲ್ಲ, ಐದು. ಸ್ಟೆಪ್ನಿಯನ್ನೂ ಹೊರಗೆ ತೆಗೆದು ನೋಡಿ. ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಒಂದು ಸ್ಟಿಕ್ಕರ್ ಇರುತ್ತದೆ. ಕಂಪನಿ ಕೊಟ್ಟ ಸೈಜು, ಗಾಳಿ ಎಷ್ಟು ಅನ್ನುವುದು ಅಲ್ಲಿರುತ್ತದೆ. ಕಾರಿನ ಮೇಲಿರುವ ಹಳೆ ಟೈರನ್ನು ನೋಡಿ ಸೈಜು ಹೇಳಬೇಡಿ. ಸೆಕೆಂಡ್ ಹ್ಯಾಂಡ್ ಕಾರಾದರೆ ಹಿಂದಿನ ಯಜಮಾನ ಏನು ಹಾಕಿಸಿದ್ದನೋ ಯಾರಿಗೆ ಗೊತ್ತು.

ಐ20 ಎನ್ ಲೈನಿನ ಸೈಜು 195/55 ಆರ್16. ಇದರಲ್ಲಿ 195 ಅಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 16 ಅಂದರೆ ಡಿಸ್ಕಿನ, ಅಂದರೆ ಟೈರು ಕೂರುವ ಲೋಹದ ಚಕ್ರದ ಅಳತೆ, ಇಂಚಿನಲ್ಲಿ. ಮಧ್ಯದ 55 ಎಲ್ಲರನ್ನೂ ದಾರಿ ತಪ್ಪಿಸುವ ಸಂಖ್ಯೆ. ಅದು ಮಿಲಿಮೀಟರ್ ಅಲ್ಲ, ಶೇಕಡಾ. ಟೈರಿನ ಪಕ್ಕದ ಗೋಡೆಯ ಎತ್ತರ ಅಗಲದ ಶೇ 55ರಷ್ಟು ಅಂತ ಅರ್ಥ. ಹಾಗಾಗಿ ಅಗಲ ಜಾಸ್ತಿ ಮಾಡಿ 55 ಹಾಗೇ ಉಳಿಸಿದರೆ ಎತ್ತರವೂ ಜಾಸ್ತಿಯಾಗುತ್ತದೆ. ಇಡೀ ಗೊಂದಲದ ಬೇರು ಇದೇ.

ಲೆಕ್ಕ ಹಾಕಿ ನೋಡೋಣ. 195ರ ಶೇ 55 ಅಂದರೆ 107.25. ಮೇಲೆ ಕೆಳಗೆ ಸೇರಿ 214.5. ಅದಕ್ಕೆ 16 ಇಂಚು, ಅಂದರೆ 406.4 ಸೇರಿಸಿದರೆ ಚಕ್ರದ ಪೂರ್ತಿ ಎತ್ತರ 620.9 ಮಿ.ಮೀ.

ಶಿರಸಿಯ ಕಡೆಯ ನೆಂಟರ ಹುಡುಗನೊಬ್ಬನ ಎನ್ ಲೈನಿಗೆ ಒಂದು ಅಂಗಡಿಯವರು 215/55 ಆರ್16 ಹಾಕಿ ಕಳಿಸಿದ್ದರು. "ತಮ್ಮಾ, ಸೈಜು ಅದೇ, ಒಂಚೂರು ಅಗಲ ಅಷ್ಟೆ. ಗ್ರಿಪ್ ಜಾಸ್ತಿ ಸಿಗ್ತದೆ" ಅಂದರಂತೆ. 16 ಅದೇ, 55 ಅದೇ, ನಂಬದೆ ಏನು ಮಾಡುತ್ತಾನೆ? ಆದರೆ ಅದರ ಎತ್ತರ 642.9 ಮಿ.ಮೀ. ಅಂದರೆ 22 ಮಿ.ಮೀ. ಜಾಸ್ತಿ, ಶೇ 3.5. ಅಗಲ ಬೇರೆ 20 ಮಿ.ಮೀ. ಹೆಚ್ಚಾಯಿತು. ಅವನ ಕಾರಿಗೆ ಬಂದ ತೊಂದರೆಗಳಲ್ಲಿ ಅರ್ಧಕ್ಕರ್ಧ ಈ ಎರಡು ಸಂಖ್ಯೆಯಿಂದಲೇ ಹುಟ್ಟಿದವು. ಮುಂದೆ ಅದನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ.

ಎತ್ತರದ ವ್ಯತ್ಯಾಸ ಶೇ 3ರ ಒಳಗೆ ಇರಲಿ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ನನ್ನ ಪ್ರಕಾರ ಅದು ಹೊರಗಿನ ಬೇಲಿ. ಶೇ 1ರ ಆಸುಪಾಸಿನಲ್ಲಿದ್ದರೆ ನೆಮ್ಮದಿ. ದೊಡ್ಡದಾಗುವ ಕಡೆಗೆ ಶೇ 2 ದಾಟಿದರೆ ಉಜ್ಜುತ್ತದೋ ಇಲ್ಲವೋ ಅಂತ ಅಳೆದು ನೋಡದೆ ಹಾಕಿಸಬೇಡಿ.

ಸೈಜಿನ ಪಕ್ಕದಲ್ಲಿ 87 ವಿ ಅಥವಾ 87 ಎಚ್ ಅಂತಲೂ ಇರುತ್ತದೆ. 87 ಅಂದರೆ ಒಂದು ಟೈರು 545 ಕೆ.ಜಿ. ಹೊರುತ್ತದೆ ಎಂದು. ಎಚ್ ಅಂದರೆ ಗಂಟೆಗೆ 210 ಕಿ.ಮೀ. ವೇಗದವರೆಗೆ, ವಿ ಅಂದರೆ 240ರವರೆಗೆ. "ನಾವೇನು 200ರಲ್ಲಿ ಓಡಿಸ್ತೇವಾ?" ಅಂತ ಕೇಳಬಹುದು. ಓಡಿಸುವುದಿಲ್ಲ. ಆದರೆ ಆ ಅಕ್ಷರ ಟೈರು ಬಿಸಿಯನ್ನು ಎಷ್ಟು ತಡೆಯುತ್ತದೆ ಅನ್ನುವುದನ್ನೂ ಹೇಳುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಐದು ಜನ ಕೂತು ಕಾರವಾರದಿಂದ ಭಟ್ಕಳದವರೆಗೆ ಒಂದೇ ಸಮ ಓಡಿಸುವಾಗ ಅದು ಲೆಕ್ಕಕ್ಕೆ ಬರುತ್ತದೆ. ಕಂಪನಿ ಕೊಟ್ಟದ್ದಕ್ಕಿಂತ ಈ ಎರಡನ್ನೂ ಇಳಿಸಬೇಡಿ. ಏರಿಸಿದರೆ ತೊಂದರೆ ಇಲ್ಲ.

ಉಜ್ಜುವ ಸದ್ದು

ಇದನ್ನು ಪತ್ತೆ ಹಚ್ಚುವುದು ನಮ್ಮ ಕಡೆ ಸುಲಭ, ಕೆಂಪು ಮಣ್ಣಿನ ಕೃಪೆಯಿಂದ. ತೋಟದ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದರೆ ಚಕ್ರದ ಮೇಲಿನ ಪ್ಲಾಸ್ಟಿಕ್ ಲೈನರಿಗೆ ಮಣ್ಣು ಮೆತ್ತಿರುತ್ತದೆ. ಟೈರು ಎಲ್ಲಿ ಉಜ್ಜುತ್ತದೋ ಅಲ್ಲಿ ಮಾತ್ರ ಒರೆಸಿದ ಹಾಗೆ ಕಪ್ಪಗೆ ಹೊಳೆಯುತ್ತದೆ. ಬೇಸಿಗೆಯಲ್ಲಾದರೆ ಟೈರಿನ ಅಂಚಿಗೆ ಸೀಮೆಸುಣ್ಣ ಹಚ್ಚಿ ಓಡಿಸಿ, ಬಿಳಿ ಗುರುತು ಎಲ್ಲಿ ಬಿತ್ತು ಅಂತ ನೋಡಿ.

ಗುರುತು ಎಲ್ಲಿದೆ ಅನ್ನುವುದರ ಮೇಲೆ ಕಾರಣ ನಿಂತಿದೆ. ನಿಂತ ಕಾರಿನಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಸದ್ದು ಬಂದು, ಲೈನರಿನ ಹಿಂಭಾಗದಲ್ಲಿ ಗುರುತು ಇದ್ದರೆ ಟೈರು ಎತ್ತರ ಜಾಸ್ತಿಯಾಗಿದೆ ಅಥವಾ ಹೊರಗೆ ಬಂದಿದೆ. ಎನ್ ಲೈನಿನಲ್ಲಿ ಆದದ್ದು ಇದೇ. ಸುತ್ತಲೂ 11 ಮಿ.ಮೀ. ಬೆಳೆದ ಟೈರು ದೇವಿಮನೆಯ ಇಕ್ಕಟ್ಟಿನ ತಿರುವಿನಲ್ಲಿ ಲೈನರಿಗೆ ತಾಗುತ್ತಿತ್ತು. ಶಿರಸಿ ಪೇಟೆಯಲ್ಲಿ ಓಡಾಡುವಾಗ ಏನೂ ಗೊತ್ತಾಗುತ್ತಿರಲಿಲ್ಲ. ಸ್ಟೇರಿಂಗ್ ಅಷ್ಟು ತಿರುಗಿಸುವುದೂ, ಅದೇ ಹೊತ್ತಿಗೆ ಸಸ್ಪೆನ್ಷನ್ ಒಂದು ಕಡೆ ಒತ್ತುವುದೂ ಘಟ್ಟದಲ್ಲೇ ಅಲ್ವಾ.

ನೇರ ಹೋಗುವಾಗ ಸುಮ್ಮನಿದ್ದು, ಹಿಂದೆ ಮೂವರು ಕೂತು ಡಿಕ್ಕಿಯಲ್ಲಿ ಸಾಮಾನು ಇದ್ದಾಗ ಹಂಪ್ ಮೇಲೆ ಮಾತ್ರ ಉಜ್ಜಿದರೆ ಹಿಂದಿನ ಮಡ್‌ಗಾರ್ಡ್ ಅಂಚನ್ನು ನೋಡಿ. ಕೈ ಹಾಕಿದರೆ ಪೇಂಟ್ ಕಿತ್ತದ್ದು ಗೊತ್ತಾಗುತ್ತದೆ. ಬಿಟ್ಟರೆ ನಮ್ಮ ಉಪ್ಪು ಗಾಳಿಗೆ ಆ ಜಾಗದಿಂದಲೇ ತುಕ್ಕು ಶುರುವಾಗುತ್ತದೆ.

ಒಳಗಡೆ, ಅಂದರೆ ಶಾಕ್ ಅಬ್ಸಾರ್ಬರ್ ಅಥವಾ ಸ್ಪ್ರಿಂಗ್ ಕೂರುವ ತಟ್ಟೆಯ ಕಡೆ ಟೈರಿನ ಪಕ್ಕದಲ್ಲಿ ಗೆರೆ ಬಿದ್ದಿದ್ದರೆ ಕಾರನ್ನು ಮುಂದೆ ಓಡಿಸಬೇಡಿ. ಪ್ಲಾಸ್ಟಿಕ್ಕಿಗೆ ಉಜ್ಜಿದರೆ ಪ್ಲಾಸ್ಟಿಕ್ ಸವೆಯುತ್ತದೆ. ಕಬ್ಬಿಣಕ್ಕೆ ಉಜ್ಜಿದರೆ ಸವೆಯುವುದು ಟೈರಿನ ಗೋಡೆ. ಅದು ಒಡೆಯುವ ಮುಂಚೆ ಹೇಳಿ ಕೇಳಿ ಒಡೆಯುವುದಿಲ್ಲ.

ಒಳಗಡೆ ತಾಗುವುದಕ್ಕೆ ಟೈರಿಗಿಂತ ಹೆಚ್ಚಾಗಿ ಹೊರಗಿನಿಂದ ತಂದ ಅಲಾಯ್ (ಅಲ್ಯೂಮಿನಿಯಂ ಮಿಶ್ರಲೋಹದ ಡಿಸ್ಕು) ಕಾರಣ. ಅಲಾಯ್ ಹಿಂಭಾಗದಲ್ಲಿ ಇಟಿ 45, ಇಟಿ 40 ಅಂತ ಕೆತ್ತಿರುತ್ತದೆ. ಡಿಸ್ಕಿನ ನಡುಗೆರೆಯಿಂದ ಹಬ್ಬಿಗೆ (ಚಕ್ರವನ್ನು ಬಿಗಿಯುವ ಕಾರಿನ ಭಾಗಕ್ಕೆ) ಕೂರುವ ಜಾಗ ಎಷ್ಟು ಹೊರಗಿದೆ ಅನ್ನುವ ಅಳತೆ ಅದು. ಸಂಖ್ಯೆ ಕಡಿಮೆಯಾದಷ್ಟೂ ಚಕ್ರ ಹೊರಗೆ ಬರುತ್ತದೆ. 6 ಇಂಚು ಅಗಲದ ಇಟಿ 45 ತೆಗೆದು 7 ಇಂಚಿನ ಇಟಿ 40 ಹಾಕಿದಿರಿ ಅಂದುಕೊಳ್ಳಿ. ಅಗಲದಿಂದ ಎರಡೂ ಕಡೆ 12.7 ಮಿ.ಮೀ. ಹೆಚ್ಚಾಯಿತು. ಇಟಿಯಿಂದ 5 ಮಿ.ಮೀ. ಹೊರಗೆ ಸರಿಯಿತು. ಹಾಗಾಗಿ ಹೊರಗಡೆ 17.7, ಒಳಗಡೆ 7.7 ಮಿ.ಮೀ. ಬೆಳೆದ ಹಾಗಾಯಿತು. ಕಂಪನಿ ಡಿಸ್ಕಿನಲ್ಲಿ ಟೈರಿಗೂ ಶಾಕ್ ಅಬ್ಸಾರ್ಬರಿಗೂ ನಡುವೆ ಬೆರಳು ಹಾಕಿ ಜಾಗ ನೋಡಿ. ಆಮೇಲೆ ಅಲಾಯ್ ಆಸೆ ಪಡಿ.

ಎಲ್ಲ ಸದ್ದೂ ಟೈರಿನದ್ದಲ್ಲ. ತಿರುವಿನಲ್ಲಿ ಆಕ್ಸಲರೇಟರ್ ಒತ್ತಿದಾಗ ಟಕ್ ಟಕ್ ಅಂದರೆ ಅದು ಡ್ರೈವ್ ಶಾಫ್ಟಿನ ಜಾಯಿಂಟು. ವೇಗ ಹೆಚ್ಚಿದಂತೆ ಗುಂಯ್ ಅನ್ನುವುದು ಹೆಚ್ಚಿ, ಕಾರನ್ನು ಎಡ ಬಲಕ್ಕೆ ಸ್ವಲ್ಪ ವಾಲಿಸಿದಾಗ ದನಿ ಬದಲಾದರೆ ಬೇರಿಂಗ್. ತಗಡು ಕೆರೆಯುವಂಥ ಕಿರ್ರ್ ಸದ್ದು ಇದ್ದಕ್ಕಿದ್ದಂತೆ ಬಂದರೆ ಬ್ರೇಕ್ ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಜಲ್ಲಿಕಲ್ಲು ಸಿಕ್ಕಿರುತ್ತದೆ. ರಸ್ತೆ ಕೆಲಸ ನಡೆಯುವ ಕಡೆ ಇದು ಆಗುತ್ತಲೇ ಇರುತ್ತದೆ. ಖಾಲಿ ಜಾಗದಲ್ಲಿ ಸ್ವಲ್ಪ ರಿವರ್ಸ್ ಹೋದರೆ ಹಲವು ಸಲ ಅದೇ ಉದುರಿ ಬೀಳುತ್ತದೆ.

ಮೈಲೇಜ್ ಇಳಿದಿದೆ, ಏರು ಹತ್ತುವುದಿಲ್ಲ

ಇದರಲ್ಲಿ ಅರ್ಧ ಕಣ್ಕಟ್ಟು. ದೊಡ್ಡ ಟೈರು ಒಂದು ಸುತ್ತಿನಲ್ಲಿ ಹೆಚ್ಚು ದೂರ ಹೋಗುತ್ತದೆ. ಕಾರಿಗೆ ಗೊತ್ತಿರುವುದು ಸುತ್ತುಗಳ ಲೆಕ್ಕ ಮಾತ್ರ. ಎತ್ತರ ಶೇ 3.5 ಜಾಸ್ತಿಯಾದರೆ ನಿಜವಾಗಿ 1000 ಕಿ.ಮೀ. ಓಡಿದಾಗ ಮೀಟರ್ 966 ತೋರಿಸುತ್ತದೆ. ಲೀಟರಿಗೆ 15 ಬರುತ್ತಿದ್ದ ಕಾರು ಅಷ್ಟೇ ಕುಡಿದರೂ ಲೆಕ್ಕದಲ್ಲಿ 14.5 ಕಾಣಿಸುತ್ತದೆ. ಎಂಜಿನ್ ಬಿಚ್ಚಿಸಲು ಹೋಗಬೇಡಿ.

ವೇಗದ ಮುಳ್ಳೂ ಹೀಗೇ. ಅದು 100 ಅಂದಾಗ ಚಕ್ರ ಮೊದಲಿಗಿಂತ ಶೇ 3.5 ಜಾಸ್ತಿ ಓಡುತ್ತಿರುತ್ತದೆ. ಕಂಪನಿಯವರು ಮುಳ್ಳು ಸ್ವಲ್ಪ ಜಾಸ್ತಿಯೇ ತೋರಿಸುವಂತೆ ಇಟ್ಟಿರುತ್ತಾರೆ, ಹಾಗಾಗಿ ತಕ್ಷಣ ಅಪಾಯವಿಲ್ಲ. ಆದರೆ ಆ ಮೀಸಲು ಕರಗಿ ಹೋಯಿತು. ಪತ್ತೆ ಹಚ್ಚಲು ಮೊಬೈಲಿನಲ್ಲಿ ಜಿಪಿಎಸ್ ವೇಗ ತೋರಿಸುವ ಆ್ಯಪ್ ಹಾಕಿ, ಪಕ್ಕದವರ ಕೈಗೆ ಕೊಡಿ. ಹೆದ್ದಾರಿ 66ರ ನೇರ ಜಾಗದಲ್ಲಿ ಒಂದೇ ವೇಗ ಹಿಡಿದು ನೋಡಿ. ಕಾರವಾರದ ಸುರಂಗದೊಳಗೆ ನೋಡಬೇಡಿ, ಅಲ್ಲಿ ಸಿಗ್ನಲ್ ಸಿಗುವುದಿಲ್ಲ. ಮುಳ್ಳಿಗಿಂತ ಜಿಪಿಎಸ್ ಜಾಸ್ತಿ ತೋರಿಸಿದರೆ ಟೈರು ಖಂಡಿತ ದೊಡ್ಡದಾಗಿದೆ.

ಏರು ಹತ್ತದಿರುವುದು ಮಾತ್ರ ನಿಜವಾದ ನಷ್ಟ. ಚಕ್ರ ದೊಡ್ಡದಾದರೆ ಎಲ್ಲ ಗೇರೂ ಅಷ್ಟು ಉದ್ದವಾದ ಹಾಗೆ. ಟರ್ಬೊ ಎಂಜಿನ್ ಸಣ್ಣದು, ಕೆಳಗಿನ ಆರ್‌ಪಿಎಂನಲ್ಲಿ ದಮ್ಮು ಕಡಿಮೆ. ಅರಬೈಲ್ ಘಟ್ಟದಲ್ಲಿ ಲಾರಿಯ ಹಿಂದೆ ನಿಧಾನವಾಗಿ ಹತ್ತುವಾಗ ಎರಡನೇ ಗೇರಿನಲ್ಲಿ ಸಾಕಾಗುತ್ತಿದ್ದಲ್ಲಿ ಒಂದಕ್ಕೆ ಇಳಿಸಬೇಕಾಗುತ್ತದೆ. ಅದರ ಜೊತೆಗೆ ಅಗಲದ ಟೈರಿನ ತೂಕ ಬೇರೆ. ಚುರುಕು ಬೇಕು ಅಂತ ತಗೊಂಡ ಕಾರಿಗೆ ಚುರುಕು ಕಳೆಯುವ ಟೈರು ಹಾಕುವುದು ಯಾವ ಲೆಕ್ಕ?

80 ದಾಟಿದ ಮೇಲೆ ನಡುಕ

ಸ್ಟೇರಿಂಗ್ ನಡುಗಿದರೆ ಮುಂದಿನ ಚಕ್ರ, ಸೀಟು ನಡುಗಿದರೆ ಹಿಂದಿನದು. ಇದು ಪಕ್ಕಾ ನಿಯಮವಲ್ಲ, ಆದರೆ ಎಲ್ಲಿಂದ ಹುಡುಕಬೇಕು ಅಂತ ತೋರಿಸುತ್ತದೆ. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಅದು ಬ್ರೇಕ್ ಡಿಸ್ಕಿನ ವಿಷಯ, ಟೈರನ್ನು ಬಿಟ್ಟುಬಿಡಿ.

ಬ್ಯಾಲೆನ್ಸಿಂಗ್ (ಚಕ್ರದ ತೂಕ ಸುತ್ತಲೂ ಸಮ ಮಾಡುವುದು) ಮಾಡಿಸಿದರೂ ನಡುಕ ಹೋಗದಿದ್ದರೆ, ಹೊರಗಿನ ಅಲಾಯ್ ಆಗಿದ್ದರೆ, ನಡುವಿನ ತೂತು ನೋಡಿ. ಪೋಲೊ ಹಬ್ಬಿನ ಅಳತೆ 57.1 ಮಿ.ಮೀ., ಐ20ಯದ್ದು 54.1. ಹೊರಗಿನ ಅಲಾಯ್‌ಗಳಲ್ಲಿ ಎಲ್ಲ ಕಾರಿಗೂ ಕೂರಲಿ ಅಂತ 67.1 ಅಥವಾ 73.1ರ ತೂತು ಇಟ್ಟಿರುತ್ತಾರೆ. ನಡುವೆ ಉಳಿದ ಜಾಗ ತುಂಬಲು ಹಬ್ ರಿಂಗ್ ಅಂತ ಒಂದು ಬಳೆ ಬರುತ್ತದೆ. ಅದು ಇಲ್ಲದಿದ್ದರೆ ಚಕ್ರ ನಟ್ಟಿನ ಮೇಲೆ ಮಾತ್ರ ನಿಂತಿರುತ್ತದೆ, ಕೂದಲೆಳೆಯಷ್ಟು ಓರೆಯಾಗಿ. ಮಷಿನ್ ಮೇಲೆ ಬ್ಯಾಲೆನ್ಸ್ ಸರಿಯಾಗಿಯೇ ತೋರಿಸುತ್ತದೆ, ಯಾಕೆಂದರೆ ಮಷಿನ್ ಅದನ್ನು ನಡುಮಧ್ಯೆ ಹಿಡಿದಿರುತ್ತದೆ. ಕಾರಿಗೆ ಬಂದ ಮೇಲೆ ಓರೆ. ಸಣ್ಣ ಬೆಲೆಯ ಬಳೆ ಹಾಕದೆ ಮೂರು ಸಲ ಬ್ಯಾಲೆನ್ಸಿಂಗ್ ಮಾಡಿಸಿದವರಿದ್ದಾರೆ.

ಪೋಲೊ, ವರ್ಟಸ್‌ನವರು ಇನ್ನೊಂದು ನೋಡಬೇಕು. ಇವಕ್ಕೆ ನಟ್ಟಲ್ಲ, ಬೋಲ್ಟು. ಕಂಪನಿ ಬೋಲ್ಟಿನ ತಲೆಯ ಕೆಳಗೆ ಗುಂಡಗಿರುತ್ತದೆ. ಹೊರಗಿನ ಅಲಾಯ್‌ಗಳಿಗೆ ಹೆಚ್ಚಾಗಿ ಚೂಪು ಇಳಿಜಾರಿನ ಬೋಲ್ಟು ಬೇಕು. ಗುಂಡಗಿನದನ್ನು ಇಳಿಜಾರಿನ ಕುಳಿಗೆ ಹಾಕಿ ಬಿಗಿ ಮಾಡಿದರೆ ಬಿಗಿಯಾದ ಹಾಗೆ ಕಾಣುತ್ತದೆ, ತಾಗಿರುವುದು ಒಂದು ಗೆರೆಯಷ್ಟು ಮಾತ್ರ. ನಡುಕಕ್ಕಿಂತ ದೊಡ್ಡ ಅಪಾಯ ಇದು. ಪೋಲೊದ ಬೋಲ್ಟಿಗೆ 120 ನ್ಯೂಟನ್ ಮೀಟರ್ ಸಾಕು. ಗಾಳಿ ಗನ್ ಹಿಡಿದು ಗರ್ರ್ ಅಂತ ಬಿಗಿ ಮಾಡಲು ಬಿಡಬೇಡಿ. ಕಾರು ಜಾಕ್ ಮೇಲೆ ಇರುವಾಗ ಎದುರುಬದುರಾಗಿ ಒಂದೊಂದೇ ಕೂರಿಸಿ, ಕೊನೆಗೆ ಕಾರು ನೆಲಕ್ಕಿಳಿಸಿ, ಬಿಗಿ ಎಷ್ಟು ಅಂತ ತೋರಿಸುವ ಟಾರ್ಕ್ ರೆಂಚಿನಲ್ಲಿ ಮುಗಿಸಲು ಹೇಳಿ.

ಇವೆರಡೂ ಸರಿ ಇದ್ದರೆ ಡಿಸ್ಕು ಗುಂಡಿಗೆ ಬಿದ್ದು ಬಾಗಿದೆಯೇ ಅಂತ ಮಷಿನ್ ಮೇಲೆ ತಿರುಗಿಸಿ ನೋಡಿ. ಒಳಗಿನ ಅಂಚನ್ನು ನೋಡಿ, ಹೊರಗಿನದ್ದಲ್ಲ. ಬಾಗುವುದು ಹೆಚ್ಚಾಗಿ ಒಳಗೇ.

ಒಂದು ಕಡೆ ಎಳೆಯುವುದು

ನಮ್ಮ ರಸ್ತೆಗಳು ನೀರು ಹರಿಯಲೆಂದು ಎಡಕ್ಕೆ ಸ್ವಲ್ಪ ಇಳಿಜಾರಾಗಿರುತ್ತವೆ. ಕೈ ಬಿಟ್ಟರೆ ಕಾರು ನಿಧಾನವಾಗಿ ಎಡಕ್ಕೆ ಹೋಗುವುದು ದೋಷವಲ್ಲ. ಬಲಕ್ಕೆ ಹೋದರೆ, ಅಥವಾ ಎಡಕ್ಕೆ ಎಳೆದುಕೊಂಡು ಹೋದ ಹಾಗೆ ಹೋದರೆ, ಮೊದಲು ಗಾಳಿ ನೋಡಿ. ಅದು ಸರಿ ಇದ್ದರೆ ಮುಂದಿನ ಎರಡು ಚಕ್ರ ಅದಲು ಬದಲು ಮಾಡಿ. ಎಳೆತ ದಿಕ್ಕು ಬದಲಿಸಿದರೆ ದೋಷ ಟೈರಿನಲ್ಲಿದೆ, ಅಂಗಡಿಯವರ ಹತ್ತಿರ ಬದಲಿಸಿ ಕೊಡಿ ಅಂತ ಕೇಳಬಹುದು. ಬದಲಾಗದಿದ್ದರೆ ಅಲೈನ್‌ಮೆಂಟ್ ಅಥವಾ ಬ್ರೇಕ್ ಹಿಡಿದದ್ದು. ಟೈರಿನ ಪಕ್ಕ ಬಾಣದ ಗುರುತಿದ್ದರೆ ಸುಮ್ನೆ ಅದಲು ಬದಲು ಮಾಡಬೇಡಿ. ಅದು ಒಂದೇ ದಿಕ್ಕಿಗೆ ತಿರುಗುವ ಟೈರು. ಬಾಣ ತಿರುಗುಮುರುಗಾದರೆ ಮಳೆಯಲ್ಲಿ ನೀರು ಹೊರಗೆ ತಳ್ಳುವ ಕೆಲಸ ಕೆಡುತ್ತದೆ.

ಟೈರು ಅಗಲವಾಗಿ ಗೋಡೆ ಗಿಡ್ಡವಾದಾಗ ಬರುವ ಎಳೆತವೇ ಬೇರೆ. ಕಾರು ರಸ್ತೆಯ ಗೀರು, ಡಾಂಬರಿನ ಅಂಚು ಹಿಡಿದುಕೊಂಡು ಅತ್ತಿತ್ತ ಹೋಗುತ್ತದೆ. ಇದಕ್ಕೆ ರಿಪೇರಿ ಇಲ್ಲ, ಆ ಸೈಜಿನ ಗುಣವೇ ಅದು.

ಎಬಿಎಸ್ ದೀಪ, ಗಾಳಿ ಎಚ್ಚರಿಕೆ ದೀಪ

ಮುಂದೆ ಎರಡು ಹೊಸದು, ಹಿಂದೆ ಎರಡು ಹಳೆಯದು. ಎರಡರ ಸೈಜೂ ಬೇರೆ. ಕಾರು ನಾಲ್ಕೂ ಚಕ್ರದ ವೇಗವನ್ನು ಸದಾ ಹೋಲಿಸುತ್ತಿರುತ್ತದೆ. ಮುಂದಿನದೂ ಹಿಂದಿನದೂ ಶೇ 3.5ರಷ್ಟು ಬೇರೆ ವೇಗದಲ್ಲಿ ತಿರುಗಿದರೆ ಯಾವುದೋ ಚಕ್ರ ಜಾರುತ್ತಿದೆಯೋ ಏನೋ ಅಂತ ಅದಕ್ಕೆ ಅನಿಸುತ್ತದೆ. ಕೆಲವು ಕಾರು ದೀಪ ಹಚ್ಚುತ್ತದೆ, ಕೆಲವು ಸುಮ್ಮನೆ ಎಂಜಿನ್ ಶಕ್ತಿ ತಗ್ಗಿಸುತ್ತದೆ. ನೀವು ಪಿಕಪ್ ಇಲ್ಲ ಅಂತ ಡೀಸೆಲ್ ಬಂಕು, ಪೆಟ್ರೋಲ್ ಬಂಕು ಬೈಯುತ್ತಿರುತ್ತೀರಿ.

ಒಂದೇ ಸೈಜಾದರೂ ಸವೆತ ಲೆಕ್ಕಕ್ಕೆ ಬರುತ್ತದೆ. ಹೊಸ ಟೈರಿನ ಗೀರು ಸುಮಾರು 8 ಮಿ.ಮೀ. ಆಳ. ಪಕ್ಕದ್ದು 2ಕ್ಕೆ ಬಂದಿದ್ದರೆ ಎತ್ತರದಲ್ಲಿ 12 ಮಿ.ಮೀ. ವ್ಯತ್ಯಾಸ, ಹೆಚ್ಚುಕಡಿಮೆ ಶೇ 2. ಆದ್ದರಿಂದ ಒಂದೇ ಒಂದು ಟೈರು ಬದಲಿಸಬೇಡಿ. ಒಂದು ಆ್ಯಕ್ಸಲಿಗೆ ಜೋಡಿಯಾಗಿ ಹಾಕಿ. ಕೆಲವು ಕಾರುಗಳಲ್ಲಿ ಗಾಳಿ ಎಚ್ಚರಿಕೆ ಕೂಡ ಚಕ್ರದ ವೇಗ ನೋಡಿಯೇ ಕೆಲಸ ಮಾಡುತ್ತದೆ. ಟೈರ್ ಬದಲಿಸಿದ ಮೇಲೆ ಗಾಳಿ ಸರಿ ಮಾಡಿ ಅದನ್ನು ರಿಸೆಟ್ ಮಾಡಿದರೆ ದೀಪ ಹೋಗುತ್ತದೆ.

ಬಿಎಂಡಬ್ಲ್ಯು 3 ಸೀರೀಸಿನ ಕೆಲವು ಕಾರುಗಳಲ್ಲಿ ಕಂಪನಿಯವರೇ ಮುಂದೆ 225/45 ಆರ್18, ಹಿಂದೆ 255/40 ಆರ್18 ಹಾಕುತ್ತಾರಲ್ಲ ಅಂತ ಯಾರಾದರೂ ವಾದ ಮಾಡಬಹುದು. ಲೆಕ್ಕ ಹಾಕಿ: 659.7 ಮತ್ತು 661.2. ಅಗಲ ಬೇರೆ, ಎತ್ತರ ಒಂದೇ. ಅವರು ಅಗಲ ಹೆಚ್ಚಿಸುವಾಗ ಶೇಕಡಾ ಇಳಿಸಿದ್ದಾರೆ. ಎನ್ ಲೈನಿಗೆ 215 ಹಾಕಿದವರು ಮಾಡದೇ ಬಿಟ್ಟದ್ದು ಅದನ್ನೇ.

ಜೋಡಿ ಮಾತ್ರ ಬದಲಿಸುವುದಾದರೆ ಹೊಸದನ್ನು ಹಿಂದೆ ಹಾಕಿ, ಕಾರು ಮುಂದಿನ ಚಕ್ರದಿಂದ ಎಳೆಯುವುದಾದರೂ. ಮುಂದಿನದು ಜಾರಿದರೆ ನಿಮಗೆ ಸ್ಟೇರಿಂಗಿನಲ್ಲೇ ಗೊತ್ತಾಗುತ್ತದೆ, ಕಾಲು ತೆಗೆದರೆ ಹಿಡಿತ ವಾಪಸ್ ಬರುತ್ತದೆ. ಮಳೆಯಲ್ಲಿ ಗೇರುಸೊಪ್ಪೆ ಘಟ್ಟ ಇಳಿಯುವಾಗ ಹಿಂಭಾಗ ಜಾರಿದರೆ ಹಿಡಿಯಲು ಸಮಯ ಸಿಗುವುದಿಲ್ಲ.

ಗಾಳಿ ಇಳಿಯುವುದು, ಗೋಡೆ ಉಬ್ಬುವುದು

ಮೊಳೆ ಇಲ್ಲ, ಪಂಕ್ಚರ್ ಇಲ್ಲ, ವಾರಕ್ಕೆ ನಾಲ್ಕೈದು ಪೌಂಡ್ ಗಾಳಿ ಇಳಿಯುತ್ತದೆ. ಸಮುದ್ರದ ಹತ್ತಿರ ಕಾರು ನಿಲ್ಲಿಸುವವರಲ್ಲಿ ಇದು ಮಾಮೂಲು. ಉಪ್ಪು ಗಾಳಿಗೆ ಅಲಾಯ್ ಅಂಚು ಬಿಳಿ ಪುಡಿಯಾಗಿ ಏಳುತ್ತದೆ, ಟೈರಿನ ಬೀಡ್, ಅಂದರೆ ಡಿಸ್ಕಿಗೆ ಕಚ್ಚಿ ಕೂರುವ ಒಳ ಅಂಚು, ಅಲ್ಲಿ ಸರಿಯಾಗಿ ಕೂರುವುದಿಲ್ಲ. ಸೋಪು ನೀರು ಹಚ್ಚಿದರೆ ಅಂಚಿನ ಸುತ್ತ ಸಣ್ಣ ಗುಳ್ಳೆ ಕಾಣುತ್ತದೆ. ಟೈರು ಬಿಚ್ಚಿ ಆ ಅಂಚು ಉಜ್ಜಿ, ಬೀಡ್ ಸೀಲರ್ ಹಚ್ಚಿ ಕೂರಿಸಬೇಕು. ಹೊಸ ಟೈರು ಹಾಕುವ ದಿನವೇ ಇದನ್ನು ಮಾಡಿಸಿದರೆ ಎರಡನೇ ಸಲ ಬಿಚ್ಚುವ ಖರ್ಚು ಉಳಿಯುತ್ತದೆ.

ಗೋಡೆಯಲ್ಲಿ ಮೊಟ್ಟೆಯಂತೆ ಉಬ್ಬು ಬಂದರೆ ಒಳಗಿನ ದಾರ ತುಂಡಾಗಿದೆ. ಅದಕ್ಕೆ ಪ್ಯಾಚ್ ಇಲ್ಲ. ಟೈರು ಬದಲಿಸಿ.

ಹಾಗಾದರೆ ಯಾವ ಸೈಜು?

ಕಂಪನಿ ಸೈಜೇ ಸಿಕ್ಕರೆ ಅದೇ. ಕಾರವಾರದಲ್ಲಿ ಸಿಗದಿದ್ದರೆ ಮಡಗಾಂವ್ ಇದೆ, ಶಿರಸಿಯಲ್ಲಿ ಸಿಗದಿದ್ದರೆ ಹುಬ್ಬಳ್ಳಿ ಇದೆ, ಭಟ್ಕಳದವರಿಗೆ ಮಂಗಳೂರು ಇದೆ. ಎರಡು ದಿನ ಕಾಯಿರಿ, ತರಿಸಿ ಕೊಡುತ್ತಾರೆ.

195/55 ಆರ್16ರ ಕಾರಿಗೆ 205/55 ಆರ್16 ಹಾಕಿದರೆ ಎತ್ತರ 631.9, ಶೇ 1.8 ಜಾಸ್ತಿ. ಗಡಿಯಲ್ಲಿದೆ. ಉಜ್ಜದಿದ್ದರೆ ನಡೆಯುತ್ತದೆ, ಗುಂಡಿಗೆ ಸ್ವಲ್ಪ ಒಳ್ಳೆಯದೂ ಹೌದು. ವರ್ಟಸ್ ಜಿಟಿಗೆ ಇದೇ ಕಂಪನಿ ಸೈಜು ಆದ್ದರಿಂದ ಸಿಗುವುದೂ ಸುಲಭ. 205/50 ಆರ್16 ಅಂದರೆ 611.4, ಶೇ 1.5 ಕಡಿಮೆ. ನೋಡಲು ಚೆನ್ನ, ಆದರೆ ನೆಲಕ್ಕೂ ಕಾರಿಗೂ ನಡುವಿನ ಜಾಗ ಐದು ಮಿ.ಮೀ. ಹೋಯಿತು.

17 ಇಂಚಿನ ಆಸೆ ಇದ್ದವರು 205/45 ಆರ್17 ಕೇಳುತ್ತಾರೆ. ಎತ್ತರ 616.3, ಲೆಕ್ಕಕ್ಕೆ ಸರಿಯಾಗಿಯೇ ಇದೆ. ಸಮಸ್ಯೆ ಬೇರೆ ಕಡೆ ಇದೆ. ಗೋಡೆ 107ರಿಂದ 92 ಮಿ.ಮೀ.ಗೆ ಇಳಿಯುತ್ತದೆ. ಮಳೆಗಾಲ ಮುಗಿದ ಮೇಲೆ ಶಿರಸಿ ಕುಮಟಾ ರಸ್ತೆಯಲ್ಲಿ ಓಡಾಡುವವರಿಗೆ ಆ 15 ಮಿ.ಮೀ. ಬೆಲೆ ಗೊತ್ತು. ಇನ್ನೊಂದು ಗುಟ್ಟು: ಈ ಸೈಜಿನ ಸಾಮಾನ್ಯ ಟೈರು 84, ಅಂದರೆ 500 ಕೆ.ಜಿ. ಮಾತ್ರ. ಕಂಪನಿ ಕೇಳಿದ 545ಕ್ಕಿಂತ ಕಡಿಮೆ. ಎಕ್ಸ್‌ಎಲ್ (ಹೆಚ್ಚು ಭಾರ ಹೊರುವಂತೆ ಮಾಡಿದ್ದು) ಅಂತ ಬರೆದ 88ರದ್ದೇ ಬೇಕು. ಅದಕ್ಕೂ ಗಾಳಿ ಸ್ಟಿಕ್ಕರಿನದ್ದಕ್ಕಿಂತ ಒಂದಿಷ್ಟು ಜಾಸ್ತಿ ಬೇಕಾಗುತ್ತದೆ. ಆಗ ಸವಾರಿ ಇನ್ನೂ ಗಟ್ಟಿ. ಹೆದ್ದಾರಿ ಬಿಟ್ಟು ಇಳಿಯದವರು ಹಾಕಿಸಿಕೊಳ್ಳಲಿ. ತೋಟದ ಮನೆಯವರಿಗೆ ನಾನು ಬೇಡವೆಂದೇ ಹೇಳುತ್ತೇನೆ.

ಯಾರೂ ಕೇಳದ ಆಯ್ಕೆ ಒಂದಿದೆ: ಕೆಳಗೆ ಇಳಿಯುವುದು. ಐ20ಯ ಕೆಳಗಿನ ಮಾದರಿಗಳಿಗೆ ಕಂಪನಿಯವರೇ 185/65 ಆರ್15 ಕೊಟ್ಟಿದ್ದಾರೆ. ಅದರ ಎತ್ತರ 621.5. ಎನ್ ಲೈನಿನ 620.9ಕ್ಕೆ ಅರ್ಧ ಮಿ.ಮೀ. ವ್ಯತ್ಯಾಸ! ಮೀಟರ್ ಸರಿ, ಗೇರು ಸರಿ. ಗೋಡೆ 120 ಮಿ.ಮೀ. ಹೊರುವ ಶಕ್ತಿ 88, ಅಂದರೆ 560 ಕೆ.ಜಿ., ಮೊದಲಿಗಿಂತ ಜಾಸ್ತಿ. ಬೆಲೆ ಕಡಿಮೆ, ಎಲ್ಲ ಕಡೆ ಸಿಗುತ್ತದೆ. ತಿರುವಿನಲ್ಲಿ ಸ್ಟೇರಿಂಗ್ ಮೊದಲಿನಷ್ಟು ಚೂಪಾಗಿರುವುದಿಲ್ಲ, ಅದು ಕೊಡಬೇಕಾದ ಬೆಲೆ. 15 ಇಂಚಿನ ಡಿಸ್ಕು ನಿಮ್ಮ ಕಾರಿನ ಬ್ರೇಕ್ ಕ್ಯಾಲಿಪರಿಗೆ ತಾಗದೆ ಕೂರುತ್ತದೆಯೇ ಅಂತ ಮುಂದೆ, ಹಿಂದೆ ಎರಡೂ ಕಡೆ ಹಾಕಿ ಕೈಯಲ್ಲಿ ತಿರುಗಿಸಿ ನೋಡಿಯೇ ದುಡ್ಡು ಕೊಡಿ. ದೇವಿಮನೆ ರಸ್ತೆಯಲ್ಲಿ ದಿನಾ ಓಡಾಡುವ ಕಾರಾದರೆ ನಾನು ಇದನ್ನೇ ಆರಿಸುತ್ತೇನೆ. ಗೆಳೆಯರು ನಗಬಹುದು, ನಗಲಿ.

ಕಾನೂನಿನ ಕಡೆಯೂ ಒಂದು ಕಣ್ಣಿರಲಿ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ, ನೋಂದಣಿ ಪತ್ರದ ವಿವರ ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಿಸಬಾರದು ಅನ್ನುತ್ತದೆ. ಅದೇ ಮಾದರಿಗೆ ಕಂಪನಿ ಕೊಡುವ ಸೈಜಿನೊಳಗೇ ಇದ್ದರೆ ವಿಮೆಯವರ ಹತ್ತಿರ ಮಾತಾಡುವುದೂ ಸುಲಭ.

ಅಂಗಡಿಯಲ್ಲಿ

ಟೈರು ಕಾರಿಗೆ ಹೋಗುವ ಮುಂಚೆ, ನೆಲದ ಮೇಲಿರುವಾಗಲೇ ನೋಡಿ. ಸೈಜು, ಲೋಡ್ ಸಂಖ್ಯೆ, ವೇಗದ ಅಕ್ಷರ, ಐಎಸ್‌ಐ ಗುರುತು. ಆಮೇಲೆ ಟೈರಿನ ಪಕ್ಕದಲ್ಲಿ DOT (ಡಾಟ್) ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ: 2324 ಅಂದರೆ 2024ರ 23ನೇ ವಾರದಲ್ಲಿ ತಯಾರಾದದ್ದು. ಹೆಚ್ಚು ಓಡದ ಸೈಜು ಅಂಗಡಿಯಲ್ಲಿ ವರ್ಷಗಟ್ಟಲೆ ಕೂತಿರುತ್ತದೆ. ಒಂದು ವರ್ಷ ದಾಟಿದ್ದರೆ ರೇಟು ಇಳಿಸಲು ಕೇಳಿ, ಮೂರು ದಾಟಿದ್ದರೆ ಬೇಡ ಅನ್ನಿ. ಈ ಅಂಕಿ ಟೈರಿನ ಒಂದೇ ಪಕ್ಕದಲ್ಲಿ ಇರುವುದುಂಟು. ಹೊರಗೆ ಕಾಣದಿದ್ದರೆ ತಿರುಗಿಸಿ ನೋಡಿ.

ಹಳೆ ಟೈರು ಯಾವಾಗ ಬದಲಿಸಬೇಕು ಅನ್ನುವುದಕ್ಕೆ ಕಾನೂನಿನ ಗೆರೆ 1.6 ಮಿ.ಮೀ. ಗೀರಿನೊಳಗಿನ ಸಣ್ಣ ದಿಣ್ಣೆ ಮೇಲ್ಮೈಗೆ ಸಮ ಬಂದರೆ ಮುಗಿಯಿತು ಅಂತ. ಕರಾವಳಿಯ ಮಳೆಗೆ ಅದು ತಡವಾಯಿತು. ಮೇ ತಿಂಗಳಲ್ಲಿ 3 ಮಿ.ಮೀ. ಇಲ್ಲದಿದ್ದರೆ ಜೂನ್‌ಗೆ ಕಾಯದೆ ಬದಲಿಸಿ.

ಹೊಸ ಟೈರು ಹಾಕಿಸಿ ನೂರು ಕಿ.ಮೀ. ಓಡಿದ ಮೇಲೆ ನಟ್ಟು ಬೋಲ್ಟು ಮತ್ತೊಮ್ಮೆ ಟಾರ್ಕ್ ರೆಂಚಿನಲ್ಲಿ ನೋಡಿಸಿ. ಗಾಳಿಯನ್ನು ಬೆಳಿಗ್ಗೆ, ಕಾರು ಓಡಿಸುವ ಮೊದಲು ನೋಡಿ. ಘಟ್ಟ ಇಳಿದು ಬಂದು ಬಿಸಿ ಟೈರಿಗೆ ಅಳೆದರೆ ಮೂರು ನಾಲ್ಕು ಪೌಂಡ್ ಜಾಸ್ತಿಯೇ ತೋರಿಸುತ್ತದೆ, ಅದನ್ನು ನೋಡಿ ಗಾಳಿ ಬಿಡಬೇಡಿ. ಬಿಲ್ಲಿನಲ್ಲಿ "ಟೈರ್ 4" ಅಂತ ಮಾತ್ರ ಬರೆದು ಕೊಟ್ಟರೆ ವಾಪಸ್ ಕೊಡಿ. ಪೂರ್ತಿ ಸೈಜು, ಲೋಡ್ ಸಂಖ್ಯೆ, ಡಾಟ್ ಅಂಕಿ ಬರೆಸಿಕೊಳ್ಳಿ. ಎಳೆತವೋ ಉಬ್ಬೋ ಬಂದು ವಾರಂಟಿ ಕೇಳಲು ಹೋದಾಗ ಮೊದಲು ಕೇಳುವುದು ಅದನ್ನೇ.